ಸಿಆರ್‌ಎಂ, ಆನ್‌ಲೈನ್ ಪ್ರಚಾರ: ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಅಂಗಡಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. ಪಾರ್ಟಿಗಳ ಫೋನು, ವಾಟ್ಸಾಪ್, ಲೆಕ್ಕ ನೋಡಿಕೊಳ್ಳುತ್ತಾ ನಾನು ಕಲಿತದ್ದನ್ನು ಅಕ್ಕಪಕ್ಕದ ಅಂಗಡಿಯವರಿಗೂ ಹೇಳಿಕೊಡಲು ಶುರು ಮಾಡಿದೆ. ಈಗ ಗಂಗಾವತಿ, ಕೊಪ್ಪಳ, ಸಿಂಧನೂರು, ರಾಯಚೂರಿನಿಂದಲೂ ಫೋನ್ ಬರುತ್ತದೆ. ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಇದನ್ನು ಓದಿದ ಮೇಲೂ ಫೋನ್ ಮಾಡಿದರೆ ಬೇಜಾರೇನಿಲ್ಲ.

ಸಿಆರ್‌ಎಂ ಅಂದರೆ ಏನು? ನಮ್ಮ ಹತ್ತಿರ ಉದ್ರಿ ಪುಸ್ತಕ ಇದೆಯಲ್ಲ?

ಉದ್ರಿ ಪುಸ್ತಕದಲ್ಲಿ ಮಾಲು ಒಯ್ದವರ ಹೆಸರು ಇರುತ್ತದೆ. ಕೇಳಿ ಹೋದವರ ಹೆಸರು ಇರುವುದಿಲ್ಲ.

ಒಂದು ಸೋಮವಾರ ಗುಂತಕಲ್ಲಿನಿಂದ ಒಬ್ಬರು ಫೋನ್ ಮಾಡುತ್ತಾರೆ ಅಂದುಕೊಳ್ಳಿ. "28ರಿಂದ 36ರ ಸೆಟ್, ಡಾರ್ಕ್ ಬ್ಲೂ, ನಲವತ್ತು ಸೆಟ್ ಬೇಕು, ರೇಟ್ ಹೇಳಣ್ಣ" ಅನ್ನುತ್ತಾರೆ. ನೀವು ವಾಷಿಂಗ್ ಯೂನಿಟ್‌ನಲ್ಲಿ ನಿಂತಿರುತ್ತೀರಿ, ಮಷಿನ್ ಸದ್ದಿಗೆ ಅರ್ಧ ಕೇಳಿಸಿರುವುದಿಲ್ಲ. "ಸಂಜೆ ಹೇಳ್ತೀನಿ" ಅಂತ ಇಡುತ್ತೀರಿ. ಸಂಜೆ ಕರೆಂಟ್ ಹೋಯಿತು. ಮರುದಿನ ಟೈಲರ್ ಬರಲಿಲ್ಲ. ಗುರುವಾರ ನೆನಪಾಗಿ ಫೋನ್ ಮಾಡುವಷ್ಟರಲ್ಲಿ ಅವರು ಇನ್ನೊಂದು ಯೂನಿಟ್‌ನಿಂದ ಮಾಲು ಎತ್ತಿಸಿಯಾಗಿರುತ್ತದೆ. ಈ ನಷ್ಟ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಅದಕ್ಕೇ ಇದು ನಷ್ಟ ಅಂತ ಯಾರಿಗೂ ಅನ್ನಿಸುವುದೂ ಇಲ್ಲ.

ಕಸ್ಟಮರ್ ರಿಲೇಷನ್‌ಶಿಪ್ ಮ್ಯಾನೇಜ್‌ಮೆಂಟ್ ಅನ್ನುವ ದೊಡ್ಡ ಹೆಸರಿನ ಹಿಂದೆ ಇರುವುದು ಇಷ್ಟೇ: ಯಾರು ಕೇಳಿದರು, ಏನು ಕೇಳಿದರು, ನಾವು ಏನು ಹೇಳಿದೆವು, ಮತ್ತೆ ಯಾವತ್ತು ಮಾತಾಡಬೇಕು. ನಾಲ್ಕನೆಯದನ್ನು ಬಿಟ್ಟರೆ ಅದು ಬರೀ ಫೋನ್ ನಂಬರ್ ಪಟ್ಟಿ.

ಎಲ್ಲ ಅಂಗಡಿಗೂ ಇದು ಬೇಕಾ?

ಇಲ್ಲ. ಕಿರಾಣಿ, ಚಹಾದಂಗಡಿ, ಮಿರ್ಚಿ ಬಂಡಿಗೆ ಬೇಡ. ಗಿರಾಕಿ ಬಂದ, ಕೊಂಡ, ಹೋದ. ಅಂಥವರು ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸರಿಯಾಗಿ ಕಾಣುವಂತೆ ಮಾಡಿಕೊಂಡರೆ ಸಾಕು.

ಗಿರಾಕಿ ಕೇಳಿ, ಮನೆಗೆ ಹೋಗಿ, ಯೋಚನೆ ಮಾಡಿ, ನಾಲ್ಕು ಕಡೆ ವಿಚಾರಿಸಿ ಆಮೇಲೆ ಕೊಳ್ಳುವ ವ್ಯಾಪಾರಕ್ಕೆ ಬೇಕು. ಜೀನ್ಸ್ ಹೋಲ್‌ಸೇಲ್, ಫರ್ನಿಚರ್, ಪಂಪ್‌ಸೆಟ್, ಡ್ರಿಪ್, ಸೋಲಾರ್, ಬೈಕ್ ಶೋರೂಮ್, ಕಲ್ಯಾಣ ಮಂಟಪ, ಫೋಟೋಗ್ರಾಫರ್, ಟ್ಯೂಷನ್ ಕ್ಲಾಸ್, ಆನೆಗೊಂದಿ ಕಡೆಯ ಹೋಂಸ್ಟೇ. ಗಂಗಾವತಿಯ ರೈಸ್‌ಮಿಲ್‌ನವರು "ನಮಗಿರೋದು ಮೂವತ್ತೇ ಪಾರ್ಟಿ, ನಮಗ್ಯಾಕೆ" ಅನ್ನುತ್ತಾರೆ. ಆ ಮೂವತ್ತರಲ್ಲಿ ಯಾರು ಎರಡು ತಿಂಗಳಿಂದ ಲೋಡ್ ಕೇಳಿಲ್ಲ ಅಂತ ಥಟ್ಟನೆ ಹೇಳಬಲ್ಲಿರಾದರೆ ನಿಜಕ್ಕೂ ಬೇಡ.

ಎಲ್ಲಿಂದ ಶುರು ಮಾಡಬೇಕು?

ಇಪ್ಪತ್ತು ರೂಪಾಯಿ ನೋಟ್‌ಬುಕ್‌ನಿಂದ. ತಮಾಷೆಗೆ ಹೇಳುತ್ತಿಲ್ಲ. ಐದು ಗೆರೆ ಹಾಕಿ: ತಾರೀಖು, ಹೆಸರು ಮತ್ತು ಊರು, ನಂಬರ್, ಕೇಳಿದ್ದು, ಮತ್ತೆ ಯಾವಾಗ. ಒಂದು ತಿಂಗಳು ಬಿಡದೆ ಬರೆಯಿರಿ. ಬರೆಯಲು ಆಗಲಿಲ್ಲವಾ, ಸಾಫ್ಟ್‌ವೇರ್‌ನಲ್ಲೂ ಆಗುವುದಿಲ್ಲ, ದುಡ್ಡು ಉಳಿಯಿತು. ಬರೆದಿರಾ, ತಿಂಗಳ ಕೊನೆಗೆ ಪುಸ್ತಕ ತಿರುವಿ ಹಾಕಿದಾಗ ನಿಮಗೆ ಏನು ಬೇಕು ಅಂತ ನಿಮಗೇ ಗೊತ್ತಾಗುತ್ತದೆ. ಆಮೇಲೆ ಗೂಗಲ್ ಶೀಟ್. ಅದರಲ್ಲೂ ತಡಕಾಡುವಂತಾದಾಗ ಸಾಫ್ಟ್‌ವೇರ್.

ವಾಟ್ಸಾಪ್ ಬಿಸಿನೆಸ್ ಒಂದೇ ಸಾಲದಾ?

ಹತ್ತರಲ್ಲಿ ಏಳೆಂಟು ಅಂಗಡಿಗೆ ಸಾಕು, ಸರಿಯಾಗಿ ಬಳಸಿದರೆ. 2018ರಲ್ಲಿ ಬಂದ ಆ್ಯಪ್ ಅದು, ಪುಕ್ಕಟೆ. ಆದರೆ ಬಹಳ ಜನ ಅದನ್ನು ಇಳಿಸಿಕೊಂಡು ಹೆಸರು, ಫೋಟೋ ಹಾಕಿ ಸುಮ್ನೆ ಬಿಟ್ಟಿರುತ್ತಾರೆ.

ಮೊದಲು ಲೇಬಲ್. ಬಣ್ಣದ ಚೀಟಿ ಇದ್ದ ಹಾಗೆ, ಇಪ್ಪತ್ತರವರೆಗೆ ಮಾಡಿಕೊಳ್ಳಬಹುದು. ನಾಲ್ಕೇ ಸಾಕು: "ರೇಟ್ ಕೇಳಿದ್ದಾರೆ", "ಸ್ಯಾಂಪಲ್ ಹೋಗಿದೆ", "ಆರ್ಡರ್ ಆಗಿದೆ", "ಪೇಮೆಂಟ್ ಬಾಕಿ". ದಿನಾ ಬೆಳಿಗ್ಗೆ "ರೇಟ್ ಕೇಳಿದ್ದಾರೆ" ಒತ್ತಿದರೆ ಇವತ್ತು ಯಾರಿಗೆ ಫೋನ್ ಮಾಡಬೇಕು ಅನ್ನುವ ಪಟ್ಟಿ ಕಣ್ಣೆದುರಿಗೆ ಬರುತ್ತದೆ. ಇದೇ ನಿಮ್ಮ ಮೊದಲ ಸಿಆರ್‌ಎಂ.

ಕ್ವಿಕ್ ರಿಪ್ಲೈ ಅಂತ ಇನ್ನೊಂದಿದೆ. ವಿಳಾಸ, ಬ್ಯಾಂಕ್ ವಿವರ, ಸೈಜ್ ಪಟ್ಟಿಯನ್ನು ಒಮ್ಮೆ ಬರೆದಿಟ್ಟರೆ ಎರಡಕ್ಷರ ಹೊಡೆದರೆ ಪೂರ್ತಿ ಬರುತ್ತದೆ. ಕ್ಯಾಟಲಾಗ್‌ನಲ್ಲಿ ಮಾಲಿನ ಫೋಟೋ ಇಡಬಹುದು. ಒಂದು ಫೋನ್ ಜೊತೆಗೆ ಇನ್ನೂ ನಾಲ್ಕು ಕಡೆ ಅದೇ ಅಕೌಂಟ್ ತೆರೆಯಬಹುದು. ಹಾಗಾಗಿ ಕೌಂಟರ್‌ನ ಕಂಪ್ಯೂಟರ್‌ನಲ್ಲೂ ಇಟ್ಟುಕೊಳ್ಳಿ.

ಬ್ರಾಡ್‌ಕಾಸ್ಟ್ ಅಂದರೆ ಒಂದೇ ಮೆಸೇಜನ್ನು ಒಂದು ಪಟ್ಟಿಯ ಎಲ್ಲರಿಗೂ ಬೇರೆ ಬೇರೆಯಾಗಿ ಕಳಿಸುವುದು. ಇದರ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ಒಂದು ಪಟ್ಟಿಗೆ 256 ಜನ. ಅದಕ್ಕಿಂತ ಮುಖ್ಯ, ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಆ ಮೆಸೇಜ್ ಅವರಿಗೆ ಮುಟ್ಟುತ್ತದೆ. "ಎಲ್ಲರಿಗೂ ಕಳಿಸಿದೆ, ಒಬ್ಬರೂ ಉತ್ತರ ಕೊಡಲಿಲ್ಲ" ಅನ್ನುವವರಿಗೆ ನಾನು ಮೊದಲು ಕೇಳುವುದು ಇದನ್ನೇ. ಬಿಲ್ ಕೊಡುವಾಗ "ಅಕ್ಕಾ, ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಮಾಲು ಬಂದಾಗ ಫೋಟೋ ಹಾಕ್ತೀವಿ" ಅಂತ ಬಾಯಿಬಿಟ್ಟು ಕೇಳಬೇಕು.

ಇನ್ನೊಂದು ಎಚ್ಚರಿಕೆ. ಸಿಮ್ ನಿಮ್ಮ ಹೆಸರಿನಲ್ಲೇ ಇರಲಿ. ಕೆಲಸದ ಹುಡುಗನ ನಂಬರ್ ಬೋರ್ಡ್ ಮೇಲೆ ಬರೆಸಿ, ಅವನು ಕೆಲಸ ಬಿಟ್ಟ ದಿನ ಗಿರಾಕಿಗಳನ್ನೂ ಕಳೆದುಕೊಂಡವರನ್ನು ಕಂಡಿದ್ದೇನೆ. ಹಾಗೇ ಸೆಟ್ಟಿಂಗ್ಸ್‌ಗೆ ಹೋಗಿ ಆರಂಕಿಯ ಟೂ ಸ್ಟೆಪ್ ಪಿನ್ ಹಾಕಿ. ಇವತ್ತೇ ಹಾಕಿ.

ಹಾಗಾದರೆ ಸಾಫ್ಟ್‌ವೇರ್ ಯಾವಾಗ? ಯಾವುದು?

ಇಬ್ಬರು ಮೂವರು ಸೇರಿ ಗಿರಾಕಿಗಳನ್ನು ನೋಡಿಕೊಳ್ಳುವಾಗ. "ನಾನು ಫೋನ್ ಮಾಡಿದೆ", "ಇಲ್ಲ, ನಾನೇ ಮಾಡಿದ್ದೆ" ಅಂತ ಜಗಳ ಶುರುವಾದರೆ ಸಮಯ ಬಂತು ಅಂತ ಅರ್ಥ.

ಜೋಹೋ ಸಿಆರ್‌ಎಂನಲ್ಲಿ ಮೂವರವರೆಗೆ ಪುಕ್ಕಟೆ ಪ್ಲಾನ್ ಇದೆ. ಅದೇ ಕಂಪನಿ ಸಣ್ಣ ವ್ಯಾಪಾರಕ್ಕೆ ಅಂತಲೇ 2020ರಲ್ಲಿ ಬಿಗಿನ್ ಅನ್ನುವುದನ್ನು ತಂದಿತು, ಅದು ಇನ್ನೂ ಸರಳ. ಹಬ್‌ಸ್ಪಾಟ್‌ಗೂ ಪುಕ್ಕಟೆ ಪ್ಲಾನ್ ಇದೆ. ಇದೇ ಒಳ್ಳೆಯದು ಅಂತ ನಾನು ಹೇಳಲ್ಲ. ದುಡ್ಡು ಕೊಡುವ ಮುಂಚೆ ಇವಿಷ್ಟು ನೋಡಿ. ಮೊಬೈಲ್‌ನಲ್ಲಿ ಒಂದು ಎಂಟ್ರಿಗೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತದಾ? ಕನ್ನಡದಲ್ಲಿ ಬರೆದರೆ ಹುಡುಕಿದಾಗ ಸಿಗುತ್ತದಾ? ಬಿಡುವ ದಿನ ಎಲ್ಲ ಹೆಸರು, ನಂಬರ್ ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಬಹುದಾ? ಮೂರನೆಯದಕ್ಕೆ ಮಾರಾಟದವನು ತಡವರಿಸಿದರೆ ಚಹಾ ಕುಡಿಸಿ ಕಳಿಸಿಬಿಡಿ.

ನಾನೇ ಒಮ್ಮೆ ಬಿದ್ದಿದ್ದೇನೆ. ಒಬ್ಬರು ಲ್ಯಾಪ್‌ಟಾಪ್ ತಂದು ಬಣ್ಣಬಣ್ಣದ ಚಾರ್ಟ್ ತೋರಿಸಿದರು. ಒಂದು ವರ್ಷದ ದುಡ್ಡು ಮುಂಗಡ ಕಟ್ಟಿದೆ. ಒಬ್ಬ ಗಿರಾಕಿಯನ್ನು ಸೇರಿಸಲು ಹದಿನೆಂಟು ಖಾನೆ ತುಂಬಬೇಕಿತ್ತು, ಇಮೇಲ್ ಕಡ್ಡಾಯ. ನಮ್ಮ ಪಾರ್ಟಿಗಳಲ್ಲಿ ಇಮೇಲ್ ಇರುವವರು ಬೆರಳೆಣಿಕೆ. ಮೂರನೇ ವಾರಕ್ಕೆ ಎಲ್ಲರಿಗೂ ಒಂದೇ ಸುಳ್ಳು ಇಮೇಲ್ ಹಾಕತೊಡಗಿದೆವು, ಎರಡನೇ ತಿಂಗಳಿಗೆ ಅದನ್ನೂ ಬಿಟ್ಟೆವು. ಸಾಫ್ಟ್‌ವೇರ್ ಕೆಟ್ಟದ್ದಲ್ಲ, ನಮಗೆ ಹೊಲಿದ ಅಂಗಿ ಅಲ್ಲ ಅಷ್ಟೇ.

ಹುಡುಗರು ಎಂಟ್ರಿ ಮಾಡುವುದೇ ಇಲ್ಲ. ಏನು ಮಾಡಲಿ?

ಎಲ್ಲರ ಕಷ್ಟವೂ ಇದೇ. ಇದನ್ನು ಬಗೆಹರಿಸಿಕೊಂಡರೆ ಉಳಿದದ್ದೆಲ್ಲ ಸುಲಭ, ಇಲ್ಲದಿದ್ದರೆ ಮುಂದಿನ ಜಾಹೀರಾತಿನ ದುಡ್ಡೆಲ್ಲ ಕಾಲುವೆಗೆ ಸುರಿದ ಹಾಗೆ.

ಹುಡುಗರು ಸೋಮಾರಿಗಳು ಅಂತ ಮೊದಲೇ ತೀರ್ಮಾನ ಮಾಡಬೇಡಿ. ಬರೆದದ್ದನ್ನು ಯಾರೂ ನೋಡುವುದಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ. ಆದ್ದರಿಂದ ಬೆಳಿಗ್ಗೆ ಅಂಗಡಿ ತೆಗೆದು ದೇವರಿಗೆ ಊದುಬತ್ತಿ ಹಚ್ಚಿದ ಮೇಲೆ, ಬೋಣಿ ಆಗುವ ಮುಂಚೆ, ಹತ್ತು ನಿಮಿಷ ನೀವೇ ಪಟ್ಟಿ ತೆಗೆದು ಓದಿ. "ನಿನ್ನೆ ಸಿರುಗುಪ್ಪದವರು ಮಂಚ ಕೇಳಿದ್ದರಲ್ಲ, ಏನಂದರು?" ಹೀಗೆ ಒಂದು ವಾರ ಕೇಳಿ ನೋಡಿ. ಎಂಟ್ರಿ ತಾನಾಗಿ ಬರುತ್ತದೆ.

ಎರಡನೆಯದು, ಬೈಯುವುದನ್ನು ಬಿಡಿ. "ರೇಟ್ ಜಾಸ್ತಿ ಅಂದರು, ಹೋದರು" ಅಂತ ಒಬ್ಬ ಬರೆದರೆ "ನೀನ್ಯಾಕೆ ಬಿಟ್ಟೆ" ಅಂತ ಗದರಿದರೆ ನಾಳೆಯಿಂದ ಅವನು ಕೊಂಡವರ ಹೆಸರು ಮಾತ್ರ ಬರೆಯುತ್ತಾನೆ. ಕೊಳ್ಳದೆ ಹೋದವರು ಹೇಳಿದ ಕಾರಣವೇ ನಿಮಗೆ ಬೇಕಾದದ್ದು. ಕೊಪ್ಪಳದ ಒಂದು ಫರ್ನಿಚರ್ ಅಂಗಡಿಯಲ್ಲಿ ಹೀಗೆ ಬರೆಯುತ್ತಾ ಹೋದಾಗ ಮತ್ತೆ ಮತ್ತೆ ಬಂದ ಮಾತು ರೇಟಿನದಲ್ಲ, "ಹಳ್ಳಿಗೆ ಯಾರು ತಂದು ಕೊಡ್ತಾರೆ" ಅನ್ನುವುದು. ಅವರು ವಾರಕ್ಕೆರಡು ದಿನ ಟಾಟಾ ಏಸ್ ಗೊತ್ತು ಮಾಡಿದರು. ಮುಂದೆ ಅದನ್ನೇ ಜಾಹೀರಾತಿನ ಮೊದಲ ಸಾಲು ಮಾಡಿದೆವು.

ಟೈಪ್ ಮಾಡಲು ಬೇಸರವಾದರೆ ಫೋನಿನ ಕೀಬೋರ್ಡ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಹೇಳಬಹುದು. ನಮ್ಮ ಕಡೆಯ ಮಾತನ್ನು ಅದು ಒಮ್ಮೊಮ್ಮೆ ಏನೇನೋ ಮಾಡಿ ಬರೆಯುತ್ತದೆ. ನಗೆ ಬರುತ್ತದೆ, ಆದರೆ ಅರ್ಥವಾಗುತ್ತದೆ.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಬರಬೇಕಾದರೆ ದುಡ್ಡು ಕಟ್ಟಬೇಕಾ?

ಒಂದು ಪೈಸೆಯೂ ಇಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. "ಗೂಗಲ್‌ನಿಂದ ಮಾತಾಡ್ತಿದ್ದೇವೆ, ದುಡ್ಡು ಕಟ್ಟದಿದ್ದರೆ ನಿಮ್ಮ ಅಂಗಡಿ ತೆಗೆದುಹಾಕ್ತೀವಿ" ಅಂತ ಬರುವ ಫೋನನ್ನು ಇಟ್ಟುಬಿಡಿ. ಓಟಿಪಿ ಅಂತೂ ಯಾರಿಗೂ ಹೇಳಬೇಡಿ.

ಅಂಗಡಿ ನಿಮ್ಮದೇ ಅಂತ ತೋರಿಸಲು ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ. ರಸ್ತೆ, ಬೋರ್ಡು, ಒಳಗಿನ ಮಾಲು, ನೀವೇ ಶಟರ್ ಬೀಗ ತೆಗೆಯುವುದು, ಎಲ್ಲ ಒಂದೇ ವಿಡಿಯೋದಲ್ಲಿ ನಿಲ್ಲಿಸದೆ ಹಿಡಿಯಬೇಕು. ಬೋರ್ಡಿನಲ್ಲಿ ಇರುವ ಹೆಸರೇ ಪ್ರೊಫೈಲ್‌ನಲ್ಲೂ ಇರಲಿ. ಹೆಸರಿನ ಜೊತೆ "ಬಳ್ಳಾರಿಯ ನಂಬರ್ ಒನ್" ಅಂತೆಲ್ಲ ಸೇರಿಸಿದರೆ ಗೂಗಲ್ ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತಾಗಬಹುದು. ನಮ್ಮ ಊರಿನ ಇಂಗ್ಲಿಷ್ ಕಾಗುಣಿತ 2014ರಲ್ಲೇ ಬದಲಾದರೂ ಹೊರಗಿನವರು ಇನ್ನೂ ಹಳೆಯ "ಬೆಲ್ಲಾರಿ" ಅಂತಲೇ ಹುಡುಕುತ್ತಾರೆ. ಅದನ್ನು ವಿವರಣೆಯಲ್ಲಿ ಒಂದು ಸಲ ಬರೆಯಿರಿ, ಹೆಸರಿನಲ್ಲಿ ಬೇಡ.

ವೇಳೆ ಸರಿಯಾಗಿ ಹಾಕಿ. ಅಮಾವಾಸ್ಯೆಗೆ ಮುಚ್ಚುವವರು, ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ರಾತ್ರಿ ತನಕ ತೆರೆಯುವವರು ಅದನ್ನು ವಿಶೇಷ ದಿನ ಅಂತ ಸೇರಿಸಬಹುದು. ಅಂಜನಾದ್ರಿಗೆ ಬರುವ ಹೊರ ರಾಜ್ಯದ ಜನ ಊಟ, ರೂಮು ಹುಡುಕುವುದು ಫೋನಿನಲ್ಲೇ. ಆನೆಗೊಂದಿ, ಗಂಗಾವತಿ ಕಡೆಯ ಹೋಟೆಲ್, ಹೋಂಸ್ಟೇಯವರಿಗೆ ಇದು ಫೇಸ್‌ಬುಕ್‌ಗಿಂತ ದೊಡ್ಡ ಬೋರ್ಡು.

ಯಾರೋ ಕೆಟ್ಟ ರಿವ್ಯೂ ಬರೆದಿದ್ದಾರೆ. ತೆಗೆಸಬಹುದಾ?

ಬೈಗುಳ ಇದ್ದರೆ, ಸುಳ್ಳು ಅಕೌಂಟ್ ಆಗಿದ್ದರೆ ರಿಪೋರ್ಟ್ ಮಾಡಬಹುದು. ಬರೀ ಬೇಸರ ತೋಡಿಕೊಂಡಿದ್ದರೆ ತೆಗೆಯುವುದಿಲ್ಲ. ಸಮಾಧಾನದಿಂದ ಎರಡು ಸಾಲು ಉತ್ತರ ಬರೆಯಿರಿ. ಅದನ್ನು ಓದುವುದು ಬೈದವರಲ್ಲ, ನಾಳೆ ಬರುವ ಗಿರಾಕಿ. ಡಿಸ್ಕೌಂಟ್ ಕೊಡುತ್ತೇವೆ ಅಂತ ಐದು ಸ್ಟಾರ್ ಬರೆಸುವುದು ಕೂಡ ಗೂಗಲ್ ನಿಯಮಕ್ಕೆ ವಿರುದ್ಧ. ಕೇಳಿಕೊಳ್ಳಿ, ಕೊಳ್ಳಬೇಡಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿಗೆ ಎಷ್ಟು ಹಾಕಬೇಕು?

ಕಳೆದುಕೊಂಡರೂ ನಿದ್ದೆ ಕೆಡದಷ್ಟು. ಆಮೇಲೆ ಲೆಕ್ಕ ಹಾಕಿ.

ಉದಾಹರಣೆಗೆ 3,000 ರೂಪಾಯಿ ಹಾಕಿದಿರಿ. ಅದಕ್ಕೆ ಶೇ 18 ಜಿಎಸ್‌ಟಿ ಸೇರಿ 3,540. ಅರವತ್ತು ಜನ ವಾಟ್ಸಾಪ್‌ಗೆ ಬಂದರು, ಹನ್ನೆರಡು ಜನ ಮನಸ್ಸಿಟ್ಟು ಮಾತಾಡಿದರು, ನಾಲ್ವರು ಕೊಂಡರು ಅಂತ ಇಟ್ಟುಕೊಳ್ಳೋಣ. ಒಬ್ಬ ಗಿರಾಕಿಗೆ 885 ರೂಪಾಯಿ ಬಿತ್ತು. ಡೈನಿಂಗ್ ಟೇಬಲ್ ಮಾರಿದರೆ ಇದು ಅಗ್ಗ, ಕುರ್ತಾ ಮಾರಿದರೆ ಕೈಸುಟ್ಟ ಹಾಗೆ. ಇನ್ನು ಆ ಹನ್ನೆರಡರಲ್ಲಿ ಉಳಿದ ಎಂಟು ಜನಕ್ಕೆ ಮರುವಾರ ಫೋನ್ ಮಾಡಿ ಇಬ್ಬರು ಕೊಂಡರೆ ಲೆಕ್ಕ 590ಕ್ಕೆ ಇಳಿಯುತ್ತದೆ. ಜಾಹೀರಾತಿಗೆ ಇನ್ನೊಂದು ರೂಪಾಯಿ ಹಾಕಿಲ್ಲ, ಪಟ್ಟಿ ನೋಡಿ ಫೋನ್ ಮಾಡಿದ್ದು ಅಷ್ಟೇ. ಸಿಆರ್‌ಎಂ ಮತ್ತು ಜಾಹೀರಾತನ್ನು ನಾನು ಯಾವಾಗಲೂ ಒಟ್ಟಿಗೇ ಮಾತಾಡುವುದು ಇದಕ್ಕೇ.

ಒತ್ತಿದರೆ ನೇರ ವಾಟ್ಸಾಪ್ ತೆರೆಯುವ ಜಾಹೀರಾತೇ ನಮ್ಮ ಕಡೆ ಸರಿ. ಜಾಗ ಆರಿಸುವಾಗ ಕರ್ನಾಟಕ ಪೂರ್ತಿ ಹಾಕಬೇಡಿ. ಮ್ಯಾಪ್‌ನಲ್ಲಿ ಪಿನ್ ಇಟ್ಟು ಸುತ್ತಲಿನ ಊರುಗಳಿಗೆ ಹಾಕಿ. ಮತ್ತೆ, ಉತ್ತರ ಕೊಡಲು ಯಾರೂ ಇಲ್ಲದ ಹೊತ್ತಿನಲ್ಲಿ ಓಡಿಸಬೇಡಿ. ರಾತ್ರಿ ಹನ್ನೊಂದಕ್ಕೆ ಕೇಳಿದವರಿಗೆ ಮರುದಿನ ಮಧ್ಯಾಹ್ನ "ಹೇಳಿ ಸರ್" ಅಂದರೆ, ಏನು ಕೇಳಿದ್ದೆ ಅಂತ ಅವರಿಗೇ ಮರೆತಿರುತ್ತದೆ.

ಯಾವ ತಿಂಗಳಲ್ಲಿ ಜಾಹೀರಾತು ಕೊಡಬೇಕು?

ಬೆಂಗಳೂರಿನ ಏಜೆನ್ಸಿ ದೀಪಾವಳಿ, ಹೊಸ ವರ್ಷ ಅನ್ನುತ್ತದೆ. ನಮ್ಮ ಕಡೆ ಕ್ಯಾಲೆಂಡರ್ ಬರೆಯುವುದು ತುಂಗಭದ್ರಾ ಕಾಲುವೆ. ನೀರು ಬಿಟ್ಟಾಗ ರೈತರ ದುಡ್ಡು ಬೀಜ, ಗೊಬ್ಬರ, ಕೂಲಿಗೆ ಹೋಗುತ್ತದೆ. ಭತ್ತ ಕೊಯ್ದು ಮಾರಿದ ಮೇಲೆ ಬೈಕ್, ಟಿವಿ, ಬಂಗಾರ, ಮದುವೆ ಬಟ್ಟೆ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಗಂಗಾವತಿ, ಸಿಂಧನೂರು ಕಡೆ ಎಲ್ಲರ ಮಾತು ನೀರಿನದೇ. ಆ ವಾರ ಸೋಫಾ ಜಾಹೀರಾತು ನಿಲ್ಲಿಸಿ ಅಂತ ನಾನು ಒಬ್ಬರಿಗೆ ಹೇಳಿದೆ. ಇನ್ನು ಆಷಾಢದಲ್ಲಿ ಮದುವೆ ಇಲ್ಲ, ಆಗ ಹಳೆಯ ಗಿರಾಕಿಗಳಿಗೆ ಫೋನ್ ಮಾಡುವ ಕೆಲಸ ಮುಗಿಸಿಕೊಳ್ಳಿ. ಶ್ರಾವಣ ಹತ್ತಿರ ಬಂದಾಗ ದುಡ್ಡು ಹಾಕಿ.

ಜಾಹೀರಾತು ಕನ್ನಡದಲ್ಲಾ, ಇಂಗ್ಲಿಷ್‌ನಲ್ಲಾ?

ಕೌಂಟರ್‌ನಲ್ಲಿ ಯಾವ ಭಾಷೆ ಆಡುತ್ತೀರೋ ಅದರಲ್ಲಿ. ಬಳ್ಳಾರಿ, ರಾಯಚೂರಿನಲ್ಲಿ ಕನ್ನಡದ ಜೊತೆ ತೆಲುಗು, ಉರ್ದು ಎಲ್ಲ ನಡೆಯುತ್ತದೆ. ಕರ್ನೂಲು, ಅನಂತಪುರದ ಪಾರ್ಟಿಗಳಿಗೆ ತೆಲುಗಿನಲ್ಲಿ ಒಂದು, ಊರವರಿಗೆ ಕನ್ನಡದಲ್ಲಿ ಒಂದು ಮಾಡಿ. ಒಂದೇ ವಿಡಿಯೋದಲ್ಲಿ ಎಲ್ಲ ಕಲಸಬೇಡಿ.

ರೀಲ್ಸ್ ಮಾಡಲೇಬೇಕಾ? ನನಗೆ ಕುಣಿಯಲು ಬರುವುದಿಲ್ಲ.

ಕುಣಿಯಬೇಡಿ, ಕೆಲಸ ತೋರಿಸಿ. ಕಿನ್ನಾಳದ ಗೊಂಬೆ ಮಾಡುವವರು ಹಗುರ ಮರ ಕೆತ್ತುವುದು, ಹುಣಸೆ ಬೀಜದ ಅಂಟು ಹಚ್ಚುವುದು, ಕೊನೆಗೆ ಬಣ್ಣ ಕೂರುವುದು, ಇವನ್ನು ಮೂವತ್ತು ಸೆಕೆಂಡಿನಲ್ಲಿ ತೋರಿಸಿದರೆ ಯಾರು ನೋಡುವುದಿಲ್ಲ ಹೇಳಿ? ಸಂಡೂರಿನ ಲಂಬಾಣಿ ಕಸೂತಿಯ ಸೂಜಿ ಓಡುವುದು, ನಮ್ಮ ಜೀನ್ಸ್ ವಾಷಿಂಗ್‌ಗೆ ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು, ಇವೂ ಅಷ್ಟೇ. ನಮಗೆ ದಿನಾ ನೋಡಿ ಬೇಸರ ಬಂದದ್ದು ಹೊರಗಿನವರಿಗೆ ಹೊಸದು. ಬೆಳಕು ಇರಲಿ, ಧ್ವನಿ ಕೇಳಲಿ, ಕೊನೆಗೆ ನಂಬರ್ ಇರಲಿ.

ಸಾವಿರ ನಂಬರ್ ಕೊಂಡು ಬಲ್ಕ್ ಮೆಸೇಜ್ ಕಳಿಸಬಹುದಾ?

ಬೇಡ. ಅಡ್ಡದಾರಿಯ ಬಲ್ಕ್ ಸಾಫ್ಟ್‌ವೇರ್ ಬಳಸಿದರೆ ವಾಟ್ಸಾಪ್ ನಂಬರನ್ನೇ ಬಂದ್ ಮಾಡುತ್ತದೆ. ಬೋರ್ಡು, ಬಿಲ್ಲು, ಕ್ಯಾರಿಬ್ಯಾಗ್ ಎಲ್ಲದರ ಮೇಲೆ ಇರುವ ನಂಬರ್ ಹೋದರೆ ಏನು ಗತಿ? ಸರಿಯಾದ ದಾರಿ ವಾಟ್ಸಾಪ್ ಬಿಸಿನೆಸ್ ಎಪಿಐ, ಅಂದರೆ ಸಾಫ್ಟ್‌ವೇರ್ ಮೂಲಕ ಮೆಸೇಜ್ ಕಳಿಸಲು ವಾಟ್ಸಾಪ್‌ನವರೇ ಕೊಡುವ ವ್ಯವಸ್ಥೆ. ಅದರಲ್ಲಿ ಗಿರಾಕಿ ಒಪ್ಪಿಗೆ ಕೊಟ್ಟಿರಬೇಕು, ಮೆಸೇಜ್ ಮಾದರಿಗೆ ಮೊದಲೇ ಮಂಜೂರಾತಿ ಪಡೆಯಬೇಕು. ಪ್ರಚಾರದ ಮೆಸೇಜಿಗೆ 2025ರ ಜುಲೈನಿಂದ ಒಂದೊಂದಕ್ಕೂ ಲೆಕ್ಕ ಹಾಕಿ ದುಡ್ಡು ತೆಗೆದುಕೊಳ್ಳುತ್ತಾರೆ. ಎಸ್‌ಎಂಎಸ್ ಆದರೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮದಂತೆ ಡಿಎಲ್‌ಟಿಯಲ್ಲಿ (ಮೆಸೇಜ್ ಕಳಿಸುವವರ ಹೆಸರು, ಮಾದರಿ ದಾಖಲಿಸುವ ಟೆಲಿಕಾಂ ಕಂಪನಿಗಳ ವ್ಯವಸ್ಥೆ) ನೋಂದಣಿ ಆಗಬೇಕು. ಮೇಲಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಬಂದಿದೆ. ಯಾರದೋ ನಂಬರ್ ಕೊಳ್ಳುವ, ಮಾರುವ ಕಾಲ ಮುಗಿಯುತ್ತಾ ಬಂತು. "ಮೆಸೇಜ್ ಬೇಡ" ಅಂದವರ ಹೆಸರನ್ನು ಆವತ್ತೇ ಪಟ್ಟಿಯಿಂದ ತೆಗೆಯಿರಿ.

ಏಜೆನ್ಸಿಗೆ ತಿಂಗಳು ತಿಂಗಳು ಕೊಡುತ್ತೇನೆ. ಲೈಕ್ ಬರುತ್ತದೆ, ವ್ಯಾಪಾರ ಇಲ್ಲ.

ಲೈಕ್ ತಗೊಂಡು ಬ್ಯಾಂಕಿಗೆ ಕಟ್ಟಲು ಆಗುವುದಿಲ್ಲ, ಅಲ್ವಾ? ಎಷ್ಟು ಜನ ಮೆಸೇಜ್ ಮಾಡಿದರು, ಒಬ್ಬರಿಗೆ ಎಷ್ಟು ಖರ್ಚಾಯಿತು, ಜಾಹೀರಾತಿಗೆ ಹೋದ ದುಡ್ಡೆಷ್ಟು, ಏಜೆನ್ಸಿ ಫೀಸ್ ಎಷ್ಟು, ಇವನ್ನು ಬೇರೆ ಬೇರೆಯಾಗಿ ಕೇಳಿ. ಪೇಜು, ಜಾಹೀರಾತು ಅಕೌಂಟು, ಗೂಗಲ್ ಪ್ರೊಫೈಲ್ ಮೂರೂ ನಿಮ್ಮ ಹೆಸರಿನಲ್ಲಿರಲಿ, ಅವರಿಗೆ ನೋಡಿಕೊಳ್ಳುವ ಅನುಮತಿ ಕೊಡಿ. ಆದರೆ ಅವರ ಮೇಲೆ ಸಿಟ್ಟಾಗುವ ಮುಂಚೆ ನಿಮ್ಮ ವಾಟ್ಸಾಪ್ ತೆರೆಯಿರಿ. ಉತ್ತರ ಕೊಡದ ಮೆಸೇಜ್ ಎಷ್ಟಿವೆ ಅಂತ ಎಣಿಸಿ. ಎಣಿಸಿದ ಮೇಲೆ ಸಿಟ್ಟು ಇಳಿದವರು ಬಹಳ ಜನ ಇದ್ದಾರೆ.

ಎಷ್ಟು ದಿನಕ್ಕೆ ಫಲ ಕಾಣುತ್ತದೆ?

ಜಾಹೀರಾತಿನ ಫೋನ್ ಎರಡು ಮೂರು ದಿನಕ್ಕೇ ಬರುತ್ತವೆ. ಸಿಆರ್‌ಎಂ ಉಪಯೋಗ ಗೊತ್ತಾಗಲು ಒಂದು ಸೀಸನ್ ಬೇಕು. ಹೋದ ಯುಗಾದಿಗೆ ಯಾರು ಕೊಂಡಿದ್ದರು ಅಂತ ಈ ಯುಗಾದಿಗೆ ಪಟ್ಟಿ ತೆಗೆದಾಗ ತಿಳಿಯುತ್ತದೆ.

ಅಪ್ಪ ಒಪ್ಪುವುದಿಲ್ಲ. "ಎಲ್ಲ ನನ್ನ ತಲೆಯಲ್ಲೇ ಇದೆ" ಅನ್ನುತ್ತಾರೆ.

ಅವರ ಮಾತು ನಿಜ, ವಾದ ಮಾಡಬೇಡಿ. ನಮ್ಮ ಅಪ್ಪನೂ ಹಾಗೇ. ಯಾವ ಪಾರ್ಟಿ ಉದ್ರಿ ಎಷ್ಟು ದಿನಕ್ಕೆ ತೀರಿಸುತ್ತಾನೆ, ಯಾರಿಗೆ ಅಳಿಯನ ಜೊತೆ ವ್ಯವಹಾರ ಕೆಟ್ಟಿದೆ, ಯಾರಿಗೆ ಶುಕ್ರವಾರ ದುಡ್ಡು ಕೇಳಬಾರದು, ಎಲ್ಲ ಬಾಯಿಪಾಠ. ಸಾಫ್ಟ್‌ವೇರ್ ತೋರಿಸಿದಾಗ ಕನ್ನಡಕ ತೆಗೆದಿಟ್ಟು ಎದ್ದುಹೋದರು. ಆಮೇಲೆ ನಾನು ತೋರಿಸುವುದನ್ನು ಬಿಟ್ಟು ಕೇಳತೊಡಗಿದೆ. ರಾತ್ರಿ ಊಟ ಆದ ಮೇಲೆ ದಿನಕ್ಕೆ ಐದು ಪಾರ್ಟಿ. "ಅಪ್ಪಾ, ಆದೋನಿಯವರು ಮೊದಲು ಹೇಗೆ ಬಂದರು?" ಅವರು ಕಥೆ ಹೇಳುತ್ತಿದ್ದರು, ನಾನು ಎರಡು ಸಾಲು ಬರೆದುಕೊಳ್ಳುತ್ತಿದ್ದೆ. ಒಂದೂವರೆ ತಿಂಗಳು ಹಿಡಿಯಿತು.

ಈಗಲೂ ಅವರು ಆ್ಯಪ್ ಮುಟ್ಟುವುದಿಲ್ಲ. ಆದರೆ ಬೆಳಿಗ್ಗೆ ಯೂನಿಟ್‌ಗೆ ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಕೇಳುತ್ತಾರೆ: "ಇವತ್ತು ಯಾರಿಗೆ ಫೋನ್ ಮಾಡೋದೈತಿ, ಓದು."